ಹಂಪೆಯಲ್ಲಿ ಮೂವತ್ತಾರು ಚಿತ್ರಗಳು

ಹಂಪೆಯ ವಿಷಯವಾಗಿ ಹೇಳಬೇಕಾದುದನ್ನು ಬಲ್ಲವರು ಬಹುಮಟ್ಟಿಗೆ ಹೇಳಿಯೇ ಇದ್ದಾರೆ. ಅಲ್ಲಿನ ಅರಸರ ವೈಭವವನ್ನೂ, ೧೫೬೫ರ ಯುದ್ಧದ ತರುವಾಯ ಆ ಪಟ್ಟಣಕ್ಕೆ ಒದಗಿದ ದುರ್ದೆಸೆಯನ್ನೂ ಇಲ್ಲಿ ಮತ್ತೆ ವಿಸ್ತರಿಸುವುದು ನಮ್ಮ ಉದ್ದೇಶವಲ್ಲ. ಕಳೆದ ಪುಷ್ಯ ಮಾಸದಲ್ಲಿ ಮೂರು ದಿನಗಳ ಮಟ್ಟಿಗೆ ನಾವು ಅಲ್ಲಿಗೆ ಹೋಗಿದ್ದಾಗ, ಫಿಲಂ ಸುರುಳಿ ಹಾಕುವ ಒಂದು ಕಿರು ಕ್ಯಾಮರಾವನ್ನು ನಡೆಸಲು ಕಲಿತ ಬಗೆಯನ್ನೂ, ಆ ಕಲಿಕೆಯಿಂದ ಊರು ನಮಗೆ ಬೇರೆಯಾಗಿ ಕಂಡ ರೀತಿಯನ್ನೂ ವಾಚಕರ ಮುಂದಿಡಬೇಕೆಂಬುದಷ್ಟೇ ಈ ಬರಹದ ಗುರಿ.

ಜೇಬಿನೊಳಗಿನ ಮೊಬೈಲೇ ನಿಮಿಷಕ್ಕೆ ಹತ್ತಾರು ಚಿತ್ರಗಳನ್ನು ತೆಗೆದುಕೊಡುವ ಈ ಕಾಲದಲ್ಲಿ ಇಂಥ ಹಳೆಯ ಯಂತ್ರವೇಕೆಂದು ಕೇಳುವವರುಂಟು. ಕೇಳುವುದು ನ್ಯಾಯವೇ. ನಮ್ಮ ಮನೆಯ ಮೊಬೈಲುಗಳಲ್ಲಿಯೂ ಸಾವಿರಾರು ಚಿತ್ರಗಳಿವೆ. ಆದರೆ ಗೋಡೆಗೆ ತೂಗುಹಾಕಲು ತಕ್ಕಂಥ ನಮ್ಮ ಸೋದರತ್ತೆಯವರ ಚಿತ್ರ ಒಂದೂ ಇರಲಿಲ್ಲ. ಅವರಿಗೆ ಎಂಬತ್ತು ತುಂಬಿದೆ. ಹಂಪೆಯನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ಅವರದು. ಅವರದೊಂದು ಒಳ್ಳೆಯ ಚಿತ್ರ ಮನೆಯಲ್ಲಿ ಉಳಿಯಬೇಕೆಂಬ ಆಸೆ ನಮ್ಮದು. ಮೂವತ್ತಾರೇ ಚಿತ್ರಗಳನ್ನು ಕೊಡುವ ಯಂತ್ರವಾದರೆ ಒಂದೊಂದಕ್ಕೂ ಮನಸ್ಸು ಕೊಡಬೇಕಾಗುವುದೆಂದು ಬಗೆದು ಅದನ್ನೇ ಜೊತೆಗೆ ಕಟ್ಟಿಕೊಂಡೆವು.

ಕ್ಯಾಮರಾ ಜಪಾನಿನ ಒಲಿಂಪಸ್ ಸಂಸ್ಥೆಯದು. ಹೆಸರು ಟ್ರಿಪ್ ೩೫. ಇದರ ತಯಾರಿಕೆ ೧೯೬೭ರಲ್ಲಿ ಮೊದಲಾಗಿ ೧೯೮೦ರ ದಶಕದವರೆಗೂ ನಡೆಯಿತು. ಈಗ ದೊರೆಯುವುದೆಲ್ಲ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಬಂದದ್ದೇ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದರೂ ಲೋಹದ ಮೈಯಾದುದರಿಂದ ಹಿಡಿದಾಗ ಕೈಗೆ ಭಾರ ತಿಳಿಯುತ್ತದೆ. ಇಂತಹ ಕಿರು ಕ್ಯಾಮರಾಗಳ ಮೂಲಪುರುಷನೆಂದು ಜರ್ಮನಿಯ ವೆಟ್ಸ್‌ಲರ್ ಪಟ್ಟಣದ ಓಸ್ಕರ್ ಬಾರ್ನಾಕ್ ಎಂಬಾತನನ್ನು ಹೇಳಬಹುದು. ಚಲಚ್ಚಿತ್ರಕ್ಕೆ ಬಳಸುತ್ತಿದ್ದ ೩೫ ಮಿಲಿಮೀಟರು ಅಗಲದ ಫಿಲಂ ಪಟ್ಟಿಯ ಮೇಲೆ ೨೪ಕ್ಕೆ ೩೬ ಮಿಲಿಮೀಟರು ಅಳತೆಯ ಚಿತ್ರಗಳನ್ನು ತೆಗೆಯುವ ಉಪಾಯವನ್ನು ಅವನು ರೂಪಿಸಿದನು. ಅವನ ಲೈಕಾ ಕ್ಯಾಮರಾ ೧೯೨೫ರಲ್ಲಿ ಮಾರುಕಟ್ಟೆಗೆ ಬಂದಿತು. ದೊಡ್ಡ ಪೆಟ್ಟಿಗೆಯನ್ನೂ ಮುಕ್ಕಾಲಿಯನ್ನೂ ಹೊತ್ತು ಹೋಗಬೇಕಾಗಿದ್ದ ವಿದ್ಯೆ ಅಂದಿನಿಂದ ಯಾತ್ರಿಕನ ಜೋಳಿಗೆಯೊಳಕ್ಕೆ ಇಳಿಯಿತು.

ಹೊಸಪೇಟೆಯಲ್ಲಿ ರೈಲಿಳಿದು, ಅಲ್ಲಿಂದ ಹದಿಮೂರು ಕಿಲೋಮೀಟರು ದೂರದ ಹಂಪೆಯನ್ನು ಸೇರಿ, ಮೊದಲು ವಿರೂಪಾಕ್ಷನ ದರ್ಶನಕ್ಕೆ ಹೋದೆವು. ನಮ್ಮ ಮೊದಲನೆಯ ಪಾಠವೂ ಅಲ್ಲಿಯೇ ಆಯಿತು. ಗುಡಿಯ ಹಿಂಬದಿಯಲ್ಲಿ ಕತ್ತಲೆಯಾದ ಒಂದು ಮಂಟಪವಿದೆ. ಅದರ ಗೋಡೆಯಲ್ಲಿರುವ ಒಂದು ಚಿಕ್ಕ ಕಂಡಿಯ ಮೂಲಕ ಹೊರಗಿನ ಬೆಳಕು ಒಳಬಂದು, ಮೂಡಣ ದಿಕ್ಕಿನ ಒಂಬತ್ತು ನೆಲೆಯ ಮಹಾಗೋಪುರದ ಬಿಂಬವು ಎದುರುಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಯಾತ್ರಿಕರು ಇದನ್ನು ಸೋಜಿಗವೆಂದು ನೋಡಿ ಕೈಮುಗಿಯುತ್ತಾರೆ. ಸೋಜಿಗವೂ ಹೌದು, ಪ್ರಕೃತಿಯ ನಿಯಮವೂ ಹೌದು. ಬೆಳಕು ನೇರವಾಗಿ ಸಾಗುತ್ತದೆ. ಆದಕಾರಣ ಶಿಖರದಿಂದ ಹೊರಟ ಕಿರಣವು ಕಂಡಿಯನ್ನು ಹಾದು ಗೋಡೆಯ ಕೆಳಭಾಗವನ್ನು ಸೇರುತ್ತದೆ; ಬುಡದಿಂದ ಹೊರಟದ್ದು ಮೇಲ್ಭಾಗವನ್ನು ಸೇರುತ್ತದೆ. ಕ್ಯಾಮರಾ ಎಂಬ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕೋಣೆಯೆಂದೇ ಅರ್ಥ. ಈ ಕತ್ತಲ ಕೋಣೆಯನ್ನು ಅಂಗೈಯಷ್ಟಕ್ಕೆ ಕುಗ್ಗಿಸಿ, ಕಂಡಿಯ ಜಾಗದಲ್ಲಿ ಮಸೂರವನ್ನೂ ಗೋಡೆಯ ಜಾಗದಲ್ಲಿ ಫಿಲಮನ್ನೂ ಇಟ್ಟರೆ ಅದೇ ನಮ್ಮ ಯಂತ್ರ. ಸೋದರತ್ತೆಯವರು ಬಹಳ ಹೊತ್ತು ಆ ಗೋಡೆಯನ್ನು ನೋಡುತ್ತ ನಿಂತಿದ್ದು, “ಇಲ್ಲಿ ಚಿತ್ರ ಬರೆದವರು ಯಾರೂ ಇಲ್ಲ, ಬೆಳಕೇ ಬಂದು ಬರೆದು ಹೋಗುತ್ತಿದೆ” ಎಂದರು. ಪುಸ್ತಕದ ಹತ್ತು ಪುಟಗಳಿಗಿಂತ ಆ ಮಾತು ನಮಗೆ ಹೆಚ್ಚು ಉಪಯೋಗಕ್ಕೆ ಬಂತು.

ಫಿಲಂ ಹಾಕುವ ಕೆಲಸವನ್ನು ಬಿಸಿಲಿನಲ್ಲಿ ಮಾಡಬಾರದು. ಒಂದು ಮಂಟಪದ ನೆರಳಿನಲ್ಲಿ ಕುಳಿತು ಕ್ಯಾಮರಾದ ಹಿಂಬಾಗಿಲನ್ನು ತೆರೆದು, ಸುರುಳಿಯ ಡಬ್ಬಿಯನ್ನು ಎಡಗಡೆಯ ಗೂಡಿನಲ್ಲಿ ಕೂರಿಸಿ, ಫಿಲಮಿನ ನಾಲಗೆಯನ್ನು ಬಲಗಡೆಯ ರಾಟೆಯ ಸೀಳಿಗೆ ಸಿಕ್ಕಿಸಬೇಕು. ಹಲ್ಲುಗಳು ಫಿಲಮಿನ ಅಂಚಿನ ರಂಧ್ರಗಳಲ್ಲಿ ಕುಳಿತುವೆಂದು ಕಂಡ ಮೇಲೆ ಬಾಗಿಲು ಮುಚ್ಚಿ, ಎರಡು ಚಿತ್ರಗಳಷ್ಟು ಮುಂದಕ್ಕೆ ಸುತ್ತಬೇಕು. ಹೀಗೆ ಸುತ್ತುವಾಗ ಎಡಗಡೆಯ ಗುಂಡಿಯೂ ತಾನಾಗಿ ತಿರುಗಿದರೆ ಫಿಲಂ ಸರಿಯಾಗಿ ಸಾಗುತ್ತಿದೆಯೆಂದು ತಿಳಿಯಬಹುದು. ತಿರುಗದಿದ್ದರೆ ಅದು ಹಿಡಿದಿಲ್ಲ. ಮೂವತ್ತಾರು ಸಲ ಒತ್ತಿದರೂ ಮನೆಗೆ ಬರುವುದು ಬರಿಯ ಪಟ್ಟಿಯೇ. ಆಮೇಲೆ ಡಬ್ಬಿಯ ಮೇಲೆ ಬರೆದಿರುವ ಫಿಲಮಿನ ವೇಗದ ಅಂಕಿಯನ್ನು ಮಸೂರದ ಸುತ್ತಲಿನ ಬಳೆಯಲ್ಲಿ ಹೊಂದಿಸಬೇಕು. ನಾವು ಬಳಸಿದ್ದು ೧೦೦ ವೇಗದ ಕಪ್ಪು ಬಿಳುಪು ಫಿಲಂ. ಹಂಪೆಯ ಬಂಡೆಗಳ ಮೇಲಿನ ಪ್ರಖರವಾದ ಬಿಸಿಲಿಗೆ ಅಷ್ಟೇ ಸಾಕು.

ಮಸೂರದ ಸುತ್ತಲೂ ಜೇನುಗೂಡಿನಂತೆ ಕಾಣುವ ಗಾಜಿನ ಉಂಗುರವೊಂದಿದೆ. ಅದರ ಹಿಂದೆ ಸೆಲೆನಿಯಂ ಎಂಬ ಧಾತುವಿನ ಕೋಶವಿದೆ. ಬೆಳಕು ತಗುಲಿದೊಡನೆ ಅದರಲ್ಲಿ ಅಲ್ಪ ವಿದ್ಯುತ್ತು ಹುಟ್ಟಿ ಒಳಗಿನ ಮುಳ್ಳನ್ನು ಸರಿಸುತ್ತದೆ. ಗುಂಡಿಯನ್ನು ಒತ್ತಿದಾಗ ಆ ಮುಳ್ಳು ಸಿಕ್ಕಿಕೊಂಡು, ಅದು ನಿಂತ ಎಡೆಗೆ ಅನುಸಾರವಾಗಿ ಬೆಳಕಿನ ಕಂಡಿಯು ಹಿರಿದು ಕಿರಿದಾಗುತ್ತದೆ. ಬ್ಯಾಟರಿಯ ಹಂಗು ಇದಕ್ಕಿಲ್ಲ. ಶಟರಿಗೆ ಇರುವುದು ಎರಡೇ ವೇಗ: ಬೆಳಕು ಹೆಚ್ಚಿದ್ದರೆ ಸೆಕೆಂಡಿನ ೨೦೦ನೆಯ ಒಂದು ಭಾಗ, ಕಡಿಮೆಯಿದ್ದರೆ ೪೦ನೆಯ ಒಂದು ಭಾಗ. ಬೆಳಕು ಸಾಲದೆ ಹೋದರೆ ನೋಟದ ಕಿಂಡಿಯೊಳಗೆ ಒಂದು ಕೆಂಪು ಬಾವುಟ ಮೇಲೇಳುತ್ತದೆ. ಗುಂಡಿ ಒಳಕ್ಕೆ ಹೋಗುವುದಿಲ್ಲ. ಹಳೆಯ ಯಂತ್ರವನ್ನು ಕೊಳ್ಳುವವರು ಮೊದಲು ಇದನ್ನೇ ಪರೀಕ್ಷಿಸಬೇಕು. ಮಸೂರವನ್ನು ಅಂಗೈಯಿಂದ ಪೂರಾ ಮುಚ್ಚಿ ಒತ್ತಿದಾಗ ಬಾವುಟವೇಳಬೇಕು, ಬಯಲಿನಲ್ಲಿ ಏಳಬಾರದು. ಎರಡೂ ಸರಿಯಾಗಿದ್ದರೆ ಕೋಶದಲ್ಲಿ ಜೀವವಿದೆಯೆಂದು ತಿಳಿಯಬಹುದು.

ದೂರವನ್ನು ಮಾತ್ರ ಯಂತ್ರವು ಅಳೆಯುವುದಿಲ್ಲ. ಅದು ನಮ್ಮ ಪಾಲಿನ ಕೆಲಸ. ಬಳೆಯ ಮೇಲೆ ನಾಲ್ಕು ಚಿಹ್ನೆಗಳಿವೆ. ಒಂದು ಮುಖವೆಂದರೆ ಒಂದು ಮೀಟರು, ಇಬ್ಬರ ಆಕೃತಿಯೆಂದರೆ ಒಂದೂವರೆ, ಗುಂಪೆಂದರೆ ಮೂರು, ಬೆಟ್ಟವೆಂದರೆ ಅದಕ್ಕೂ ಆಚೆಗಿನ ದೂರ. ಹೇಮಕೂಟದ ಬಂಡೆಗಳ ಮೇಲೆ ಒಂದು ಸಂಜೆಯೆಲ್ಲ ನಾವು ಚಿತ್ರವನ್ನು ತೆಗೆಯದೆ ದೂರವನ್ನು ಕಣ್ಣಿನಿಂದ ಅಂದಾಜು ಮಾಡಿ, ಹೆಜ್ಜೆ ಹಾಕಿ ಅಳೆದು ನೋಡುತ್ತಿದ್ದೆವು. ಮಕ್ಕಳಿಗೆ ಇದು ಆಟವಾಯಿತು. ಮೂರು ಮೀಟರೆಂದರೆ ನಾಲ್ಕು ಹೆಜ್ಜೆಯೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲರಿಗೂ ರೂಢಿಯಾಯಿತು. ಹಗಲಿನ ಒಳ್ಳೆಯ ಬೆಳಕಿನಲ್ಲಿ ಅಂದಾಜು ತುಸು ಹೆಚ್ಚುಕಡಿಮೆಯಾದರೂ ಕೇಡಿಲ್ಲ. ಕಂಡಿ ಕಿರಿದಾಗಿದ್ದಾಗ, ಗುಂಪಿನ ಚಿಹ್ನೆಯಲ್ಲಿಟ್ಟರೂ ಸುಮಾರು ಎರಡು ಮೀಟರಿನಿಂದ ಎಂಟು ಮೀಟರಿನ ತನಕ ಇರುವುದೆಲ್ಲ ಸ್ಪಷ್ಟವಾಗಿಯೇ ಮೂಡುತ್ತದೆ. ಮುಖವನ್ನು ಹತ್ತಿರದಿಂದ ತೆಗೆಯುವಾಗ, ಅದೂ ನೆರಳಿನಲ್ಲಿ ತೆಗೆಯುವಾಗ, ಅಳತೆ ನಿಖರವಾಗಿರಬೇಕು.

ಎರಡನೆಯ ದಿನ ಬೆಳಗಿನ ಹೊತ್ತು ಉಗ್ರನರಸಿಂಹನ ಎದುರಿಗೆ ನಿಂತಿದ್ದೆವು. ಕೃಷ್ಣದೇವರಾಯನ ಕಾಲದಲ್ಲಿ, ೧೫೨೮ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಈ ಮೂರ್ತಿಯ ಎತ್ತರ ಆರೂವರೆ ಮೀಟರಿಗೂ ಹೆಚ್ಚು. ಎಳೆಬಿಸಿಲು ಓರೆಯಾಗಿ ಬಿದ್ದಾಗ ಕಣ್ಣಗುಡ್ಡೆ, ಕೋರೆ, ಏಳು ಹೆಡೆಯ ಸರ್ಪ ಎಲ್ಲವೂ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಮತ್ತೆ ಆ ದಾರಿಯಲ್ಲಿ ಬಂದಾಗ ಅದೇ ಮೂರ್ತಿ ಚಪ್ಪಟೆಯಾಗಿ ಕಂಡಿತು. ಬರಿಗಣ್ಣಿನಲ್ಲಿ ನೋಡುವವನಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟದು. ಉಳಿದಿರುವ ಚಿತ್ರಗಳು ಇಷ್ಟೇ ಎಂದು ಬಲ್ಲವನು ಬೆಳಕಿಗಾಗಿ ಕಾಯುತ್ತಾನೆ. ಕಾಯುವಾಗ ಶಿಲ್ಪವನ್ನು ಚೆನ್ನಾಗಿ ನೋಡುತ್ತಾನೆ. ಹಿಂದಿನಿಂದ ಆಕಾಶದ ಬೆಳಕು ಹೆಚ್ಚಾಗಿರುವ ಕಡೆ ಕ್ಯಾಮರಾವನ್ನು ಒಮ್ಮೆ ನೆರಳಿನ ನೆಲದ ಕಡೆಗೆ ಹಿಡಿದು, ಗುಂಡಿಯನ್ನು ಅರ್ಧ ಒತ್ತಿ, ಹಾಗೆಯೇ ಬೆರಳನ್ನು ಬಿಡದೆ ಚಿತ್ರದ ಕಡೆಗೆ ತಿರುಗಿಸಿ ಪೂರ್ತಿ ಒತ್ತಿದರೆ ಮುಂದಿನ ವಸ್ತು ಕಪ್ಪಾಗಿಬಿಡುವುದು ತಪ್ಪುತ್ತದೆ.

ತೆಗೆದ ಪ್ರತಿಯೊಂದು ಚಿತ್ರದ ಲೆಕ್ಕವನ್ನು ನಮ್ಮ ಮನೆಯವರು ಹಾಲಿನ ಲೆಕ್ಕ ಬರೆಯುವಂತೆ ಒಂದು ಚಿಕ್ಕ ಪುಸ್ತಕದಲ್ಲಿ ಬರೆಯುತ್ತಿದ್ದರು: ಸಂಖ್ಯೆ, ಸ್ಥಳ, ಹೊತ್ತು, ದೂರದ ಚಿಹ್ನೆ. ದಿನಕ್ಕೆ ಹನ್ನೆರಡು ಎಂಬುದು ನಾವು ಹಾಕಿಕೊಂಡ ಕಟ್ಟಳೆ. ಗೃಹಿಣಿಯರಿಗೆ ಈ ಮಿತವ್ಯಯ ಹೊಸದಲ್ಲವಾದುದರಿಂದ ಅದನ್ನು ಪಾಲಿಸುವ ಅಧಿಕಾರವನ್ನು ಅವರಿಗೇ ಒಪ್ಪಿಸಿದ್ದೆವು.

ಅದೇ ದಿನ ವಿಠ್ಠಲ ದೇವಾಲಯಕ್ಕೆ ಹೋದೆವು. ಅಲ್ಲಿನ ಕಲ್ಲಿನ ರಥವನ್ನು ಐವತ್ತು ರೂಪಾಯಿಯ ನೋಟಿನ ಮೇಲೆ ಎಲ್ಲರೂ ಕಂಡಿರುತ್ತಾರೆ. ಆದರೆ ಅದರ ಪೂರ್ವರೂಪವನ್ನು ಕಂಡವರು ಕಡಿಮೆ. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿಯು ಹಂಪೆಗೆ ಬಂದು, ಮೇಣ ಸವರಿದ ಕಾಗದದ ಮೇಲೆ ಇಲ್ಲಿನ ಕಟ್ಟಡಗಳ ಬಿಂಬಗಳನ್ನು ಹಿಡಿದನು. ಒಂದೊಂದು ಕಾಗದವೂ ಒಂದು ಅಡಿಗೂ ಮಿಗಿಲು ದೊಡ್ಡದು. ಬೆಳಕನ್ನು ಹೀರಲು ಅದಕ್ಕೆ ನಿಮಿಷಗಟ್ಟಲೆ ಬೇಕು. ಅವನು ತೆಗೆದ ಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ. ಈಗ ಅದಿಲ್ಲ. ಆ ಕಾಗದವೊಂದು ಉಳಿಯದಿದ್ದರೆ, ರಥದ ತಲೆಯ ಮೇಲೆ ಏನಿದ್ದಿತೆಂಬುದನ್ನು ನಮ್ಮ ಕಣ್ಣಿಗೆ ಹೀಗೆ ಕಾಣಿಸುವುದು ಕಷ್ಟವಾಗುತ್ತಿತ್ತು. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಚಿತ್ರಕಾರನು ಗ್ರೀನ್‌ಲಾ ನಿಂತ ಎಡೆಗಳನ್ನೇ ಹುಡುಕಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಕಲ್ಲೂ ಸವೆಯುವುದೆಂಬುದು ಮನದಟ್ಟಾಗುತ್ತದೆ. ರಥದ ಎದುರು ನಾವು ಎರಡೇ ಚಿತ್ರಗಳನ್ನು ತೆಗೆದೆವು.

ಮೂರನೆಯ ದಿನ ಬೆಳಗ್ಗೆ ವಿರೂಪಾಕ್ಷನ ಮುಂದಿನ ರಥಬೀದಿಯಲ್ಲಿ ನಡೆದೆವು. ಗೋಪುರದಿಂದ ಎದುರು ಬಸವಣ್ಣನ ತನಕ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದದ ಬೀದಿ. ಎರಡು ಕಡೆಯೂ ಕಲ್ಲುಕಂಬಗಳ ಸಾಲುಮಂಟಪಗಳು. ಬಹುಕಾಲ ಈ ಮಂಟಪಗಳಲ್ಲಿ ಸಂಸಾರಗಳಿದ್ದುವು. ಅಂಗಡಿಗಳೂ ಊಟದ ಮನೆಗಳೂ ಇದ್ದುವು. ಸ್ಮಾರಕಗಳ ರಕ್ಷಣೆಯ ನಿಮಿತ್ತವಾಗಿ ೨೦೧೧ರ ಜುಲೈ ತಿಂಗಳಿನಲ್ಲಿ ಅವನ್ನು ತೆರವು ಮಾಡಿಸಿದರು. ಅದಕ್ಕೆ ಮುಂಚೆ ಸೋದರತ್ತೆಯವರು ಇಲ್ಲಿಗೆ ಬಂದಿದ್ದರು. ಒಬ್ಬ ತಾಯಿ ತನ್ನ ಮಂಟಪದ ಜಗಲಿಯ ಮೇಲೆ ಕೂರಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದ್ದಳಂತೆ. ಆ ಜಗಲಿಯನ್ನು ಹುಡುಕುತ್ತ ಅವರು ಕಂಬದಿಂದ ಕಂಬಕ್ಕೆ ನಡೆದರು. ಕೊನೆಗೊಂದು ಕಡೆ ನಿಂತು, ಹೊಗೆಯಿಂದ ಕಪ್ಪಾಗಿದ್ದ ಮೇಲ್ಚಪ್ಪಡಿಯನ್ನು ತೋರಿಸಿ, “ಇದೇ ಇರಬೇಕು. ಒಲೆ ಆ ಮೂಲೆಯಲ್ಲಿತ್ತು” ಎಂದರು. ಆ ಮನೆಯವರ ಚಿತ್ರವನ್ನು ಯಾರಾದರೂ ತೆಗೆದಿದ್ದರೇ ಎಂದೂ ಕೇಳಿದರು. ಅದಕ್ಕೆ ನಾವು ಏನು ಹೇಳಬಲ್ಲೆವು?

ಲೆಕ್ಕದ ಪುಸ್ತಕದಲ್ಲಿ ಆಗ ಉಳಿದಿದ್ದುದು ನಾಲ್ಕು ಚಿತ್ರಗಳು. ಅವರನ್ನು ಅದೇ ಕಂಬಕ್ಕೆ ಒರಗಿ ಕುಳ್ಳಿರಿಸಿದೆವು. ಬಿಸಿಲು ಬೀದಿಯ ನೆಲಕ್ಕೆ ತಗುಲಿ ಅವರ ಮುಖದ ಮೇಲೆ ಮೆತ್ತಗೆ ಹಿಂದಿರುಗುತ್ತಿತ್ತು. ಎರಡು ಹೆಜ್ಜೆ ಅಳೆದು, ಇಬ್ಬರ ಚಿಹ್ನೆಗೆ ಬಳೆ ತಿರುಗಿಸಿ, ಉಸಿರು ಬಿಗಿಹಿಡಿದು ಒತ್ತಿದೆವು. ಬಾವುಟವೇಳಲಿಲ್ಲ. ಅವರು ಕ್ಯಾಮರಾದ ಕಡೆಗೆ ನೋಡದೆ ಒಲೆಯಿದ್ದ ಮೂಲೆಯ ಕಡೆಗೆ ನೋಡುತ್ತಿದ್ದರು. ಹಾಗೆಯೇ ಇರಲೆಂದು ಬಿಟ್ಟೆವು.

ಕೊನೆಯ ಚಿತ್ರವಾದ ಮೇಲೆ ಸುತ್ತುವ ಚಕ್ರ ಬಿಗಿಯುತ್ತದೆ. ಬಲವಂತ ಮಾಡಬಾರದು, ಫಿಲಂ ಹರಿಯುತ್ತದೆ. ತಳದ ಗುಂಡಿಯನ್ನು ಒತ್ತಿ, ಎಡಗಡೆಯ ಹಿಡಿಯನ್ನು ಮಡಿಕೆಯಿಂದ ಬಿಡಿಸಿ, ಬಾಣದ ದಿಕ್ಕಿನಲ್ಲಿ ತಿರುಗಿಸುತ್ತ ಹೋದರೆ ಫಿಲಂ ಡಬ್ಬಿಯೊಳಕ್ಕೆ ಹಿಂದಿರುಗುತ್ತದೆ. ಹಿಡಿ ಹಗುರವಾಗಿ ತಿರುಗತೊಡಗಿದ ಮೇಲೆಯೇ ಬಾಗಿಲು ತೆರೆಯಬೇಕು. ಡಬ್ಬಿಯನ್ನು ಬಿಸಿಲಿಗೆ ನಿಂತ ಮೋಟಾರಿನಲ್ಲಿ ಬಿಡದೆ ತಂಪಾದ ಕಡೆ ಇಟ್ಟು, ಆದಷ್ಟು ಬೇಗ ತೊಳೆಯಿಸುವುದು ಲೇಸು. ನಮ್ಮದು ಬೆಂಗಳೂರಿನಲ್ಲಿ ತೊಳೆದು ಬರಲು ಎರಡು ವಾರ ಹಿಡಿಯಿತು. ಕಂಬಕ್ಕೆ ಒರಗಿದ ಸೋದರತ್ತೆಯವರ ಚಿತ್ರ ಈಗ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅವರ ಹಿಂದಿನ ಮಸಿ ಹಿಡಿದ ಕಲ್ಲೂ ಸ್ಪಷ್ಟವಾಗಿದೆ.

ಇಂತಹ ಯಂತ್ರವನ್ನು ಕಲಿಯಲು ಹೆಚ್ಚು ದಿನ ಬೇಕಾಗದು. ದೂರವನ್ನು ಅಳೆಯುವುದು, ಬೆಳಕಿಗಾಗಿ ಕಾಯುವುದು, ಉಳಿದದ್ದೆಷ್ಟು ಎಂದು ನೆನಪಿಡುವುದು, ಇಷ್ಟು ಬಂದರೆ ಸಾಕು. ಇದರ ಜೊತೆಗೆ ವಾಚಕರಲ್ಲಿ ಇನ್ನೊಂದು ಬಿನ್ನಹ. ಚಿತ್ರಗಳು ಮನೆಗೆ ಬಂದ ದಿನವೇ ಅವುಗಳ ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ಸ್ಥಳ, ದಿನ, ಅದರಲ್ಲಿರುವವರ ಹೆಸರುಗಳನ್ನು ಬರೆದಿಡಿರಿ. ನೆಗೆಟಿವ್ ಪಟ್ಟಿಗಳನ್ನು ಕಾಗದದ ಲಕೋಟೆಯಲ್ಲಿ ತೇವವಿಲ್ಲದ ಕಡೆ ಇಡಿರಿ. ಮನೆಯ ಹಿರಿಯರು ಇರುವಾಗಲೇ ಹಳೆಯ ಚಿತ್ರಗಳನ್ನೂ ಅವರ ಮುಂದಿಟ್ಟು, ಇದು ಯಾರು, ಇದು ಯಾವ ಊರು ಎಂದು ಕೇಳಿ ಬರೆದುಕೊಳ್ಳಿರಿ. ಅದಕ್ಕೆ ಕ್ಯಾಮರಾವೂ ಬೇಡ. ಒಂದು ಸಂಜೆಯ ಬಿಡುವು ಸಾಕು.