ಬಿಸಿಲಿಗೆ ಒಡ್ಡಿಕೊಂಡ ಹೂ

ಬಂಡೆಗಳ ನಡುವೆ ಗುಲಾಬಿ ಬಣ್ಣದ ಹೂ ಬಿಡುವ 'ರಾಕ್ ರೋಸ್' ಮೆಡಿಟರೇನಿಯನ್ ಗುಡ್ಡಗಾಡಿನ ಗಿಡ. ಅದು ಒಸರುವ ಅಂಟನ್ನು ಅರಬರು ಲಾದನ್ ಎನ್ನುತ್ತಾರೆ. ಮೇಯುವ ಹೋತಗಳ ಗಡ್ಡಕ್ಕೆ ಮೆತ್ತಿಕೊಂಡ ಈ ಅಂಟನ್ನು ತೆಗೆದು ಸುಗಂಧಕ್ಕೆ ಬಳಸುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಮೂಡಲಪಾಳ್ಯದಲ್ಲಿ ನಮಗೆ ಅಂಥ ಗುಡ್ಡವಿಲ್ಲ. ನಮ್ಮದು 20-30ರ ಸೈಟು. ಅಂಗೈಯಗಲ ಮಣ್ಣೂ ಉಳಿಯದಂತೆ ಮನೆ ಎದ್ದಿದೆ. ಬಂಡೆಯೆಂದರೆ ಕಾಂಕ್ರೀಟಿನ ತಾರಸಿ. ಅಲ್ಲಿ ಒದಗಿ ಬಂದದ್ದು ಟೇಬಲ್ ರೋಸ್.

ಹೆಸರಿಗೆ ರೋಸ್ ಆದರೂ ಇದು ಗುಲಾಬಿಯ ಜಾತಿಯಲ್ಲ; ನಾವು ಸಾರಿಗೆ ಹಾಕುವ ಗೋಣಿಸೊಪ್ಪಿನ ಹತ್ತಿರದ ಸಂಬಂಧಿ. ತವರು ದಕ್ಷಿಣ ಅಮೆರಿಕ. ಕಡ್ಡಿಯಂಥ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಬಿಸಿಲೇರಿದಾಗ ಅರಳುತ್ತದೆ, ಮೋಡ ಮುಸುಕಿದರೆ ಮುದುಡುತ್ತದೆ. ಒಂದು ಹೂವಿನ ಬಾಳು ಒಂದೇ ದಿನ. ಬೆರಳುದ್ದದ ತುಂಡು ಮುರಿದು ಮರಳು ಬೆರೆತ ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ.

ನಮಗೆ ಮೊದಲ ತುಂಡು ಕೊಟ್ಟವರು ಪಕ್ಕದ ಮನೆಯ ಅಜ್ಜಿ. "ತಗೊಳ್ರಮ್ಮ, ಇದಕ್ಕೆ ನೀರಿಗಿಂತ ಬಿಸಿಲು ಮುಖ್ಯ" ಎಂದು ಕಾಂಪೌಂಡಿನ ಮೇಲಿಂದ ಚಾಚಿದ್ದರು. ಅಜ್ಜಿ ಮಡಿಯವರು. ಹಬ್ಬಕ್ಕೆ ನಾವು ಕೊಟ್ಟ ಶೀರ್ ಕುರ್ಮಾ ಮೊಮ್ಮಕ್ಕಳ ಕೈ ಸೇರುತ್ತಿತ್ತು, ಅವರು ಮುಟ್ಟುತ್ತಿರಲಿಲ್ಲ. ಗಿಡಕ್ಕೆ ಮಾತ್ರ ಆ ಮಡಿಯಿರಲಿಲ್ಲ.

2023ರ ಮಳೆ ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಸಾವಿರಾರು ಬೋರ್‌ವೆಲ್‌ಗಳು ಬತ್ತಿದವು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಅದೇ ತಿಂಗಳು ರಮಝಾನ್ ಶುರುವಾಯಿತು. ನಮ್ಮ ಮಲ್ಲಿಗೆ, ದಾಸವಾಳ ಒಣಗಿದವು. ವುಝೂ ಮಾಡಿದ ನೀರನ್ನು ಟಬ್ಬಿನಲ್ಲಿ ಹಿಡಿದು ಎರಡು ದಿನಕ್ಕೊಮ್ಮೆ ಟೇಬಲ್ ರೋಸಿಗೆ ಹಾಕಿದೆವು. ಅದು ಉಳಿಯಿತು.

ಅಜ್ಜಿಯ ಕುಂಡಗಳು ಬರಿದಾಗಿದ್ದವು. ಮಂಡಿನೋವಿನಿಂದ ಅವರು ತಾರಸಿ ಹತ್ತುವುದನ್ನೇ ಬಿಟ್ಟಿದ್ದರು. ಈದ್ ಕಳೆದ ಮೇಲೆ ನಾವು ಹತ್ತು ತುಂಡುಗಳನ್ನು ಒಯ್ದೆವು. ಕುಂಡಗಳನ್ನು ಅವರ ಬಾಗಿಲ ಬಳಿಯ ಬಿಸಿಲಿಗೆ ಇಳಿಸಿದೆವು.

"ಯಾವ ನೀರಲ್ಲಿ ಉಳಿಸಿಕೊಂಡ್ರಿ?" ಎಂದರು ಅಜ್ಜಿ. ಇದ್ದದ್ದು ಇದ್ದಂತೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದೇವರ ಮುಂದೆ ನಿಲ್ಲೋಕೆ ಅಂತ ಕೈಕಾಲು ತೊಳೆದ ನೀರು ತಾನೆ" ಎಂದು ತಾವೇ ಬಗ್ಗಿ ಬುಡದ ಮಣ್ಣು ಅದುಮಿದರು.

ಮುಂದಿನ ತಿಂಗಳು ಅವರ ಬಾಗಿಲಲ್ಲೂ ಗುಲಾಬಿ ಬಣ್ಣ ಅರಳಿತು. ಬೀದಿಯಲ್ಲಿ ಯಾರು ಕೇಳಿದರೂ ಎರಡೂ ಮನೆಯವರು ತುಂಡು ಮುರಿದು ಕೊಡುತ್ತೇವೆ. ಮುರಿದಷ್ಟೂ ಚಿಗುರುವ ಗಿಡ ಅದು.