ಕತ್ತರಿಗೆ ಹೆದರುವ ತಲೆಗಳು

ಕೂದಲು ಉದುರಲು ಶುರುವಾದ ಗಂಡಸು ಮೊದಲು ತಪ್ಪಿಸಿಕೊಳ್ಳುವುದು ಕಟಿಂಗ್ ಶಾಪಿನಿಂದ. ತಿಂಗಳಿಗೊಮ್ಮೆ ಹೋಗುತ್ತಿದ್ದವನು ಎರಡು ತಿಂಗಳಿಗೊಮ್ಮೆ ಹೋಗುತ್ತಾನೆ. ಆಮೇಲೆ ಹಬ್ಬ, ಮದುವೆ ಅಂತ ವಿಧಿಯಿಲ್ಲದಾಗ ಮಾತ್ರ. ಇದ್ದಷ್ಟಾದರೂ ಉಳಿಯಲಿ ಎಂಬ ಆಸೆ ಅದರ ಹಿಂದಿರುತ್ತದೆ, ಜೊತೆಗೆ ಭಯವೂ ಇರುತ್ತದೆ. ರಾಮನಗರವಾಗಲಿ, ಚನ್ನಪಟ್ಟಣ, ಕನಕಪುರ, ಮಾಗಡಿಯಾಗಲಿ, ಹಳೆಯ ಬೀದಿಯ ಕಟಿಂಗ್ ಶಾಪು ಅಂದರೆ ಎರಡೋ ಮೂರೋ ಕುರ್ಚಿ, ಎದುರಿಗೊಂದು ಕನ್ನಡಿ, ಬೆನ್ನಿಗೊಂದು ಕನ್ನಡಿ, ಗೋಡೆಗೆ ಒರಗಿದ ಬೆಂಚು, ಬೆಂಚಿನ ತುಂಬ ಗೊತ್ತಿರುವ ಮುಖಗಳು. ಮನೆಯ ಕನ್ನಡಿ ತೋರಿಸದ ನೆತ್ತಿಯನ್ನು ಅಲ್ಲಿಯ ಹಿಂದಿನ ಕನ್ನಡಿ ನಾಲ್ಕು ಜನರ ಮುಂದೆ ತೋರಿಸಿಬಿಡುತ್ತದೆ. ಇಪ್ಪತ್ತೈದರ ಹುಡುಗನಿಗೆ ಇದು ಸಣ್ಣ ಸಂಕಟ ಎಂದು ನಾನು ಒಪ್ಪುವುದಿಲ್ಲ. ಆದರೆ ಅದರಿಂದ ಪಾರಾಗಲು ಅವನು ಹಿಡಿಯುವ ದಾರಿ ಅವನನ್ನು ಇನ್ನಷ್ಟು ನೋಯಿಸುತ್ತದೆ. ಕೂದಲು ತೆಳ್ಳಗಾಗುತ್ತಿರುವವನು ಮೊದಲಿಗಿಂತ ಹೆಚ್ಚು ಸಲ ಕತ್ತರಿಯ ಹತ್ತಿರ ಹೋಗಬೇಕು, ಮೊದಲಿಗಿಂತ ಗಿಡ್ಡ ಮಾಡಿಸಬೇಕು, ಕಟಿಂಗ್ ಮಾಡುವವರ ಹತ್ತಿರ ವಿಷಯವನ್ನು ಬಾಯಿಬಿಟ್ಟು ಆಡಬೇಕು ಎಂಬುದು ನನ್ನ ವಾದ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಗಂಡಸರ ಬೋಳುತನದಲ್ಲಿ ಆಗುವುದು ಬೇರೆ: ಉದುರಿದ ಜಾಗದಲ್ಲಿ ಮತ್ತೆ ಹುಟ್ಟುವ ಕೂದಲು ಪ್ರತಿ ಸಲವೂ ಹಿಂದಿನದಕ್ಕಿಂತ ಸಣ್ಣಗೆ, ಗಿಡ್ಡಗೆ ಬರುತ್ತದೆ. ಇಂಥ ಬಡಕಲು ಎಳೆಗಳನ್ನು ಉದ್ದ ಬಿಟ್ಟರೆ ತಮ್ಮ ಭಾರಕ್ಕೆ ತಾವೇ ಮಲಗಿಬಿಡುತ್ತವೆ. ಬೆವರೋ ಎಣ್ಣೆಯೋ ಸೇರಿದರೆ, ರಾಮನಗರದ ರೀಲಿಂಗ್ ಮನೆಗಳಲ್ಲಿ ಹಲವು ಗೂಡುಗಳ ಎಳೆ ಅಂಟಿಕೊಂಡು ಒಂದೇ ನೂಲಾಗುವಂತೆ, ಹತ್ತು ಕೂದಲು ಒಂದಾಗಿ ನಡುವೆ ಚರ್ಮ ಇಣುಕುತ್ತದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ಹಕ್ಕಿಪಿಕ್ಕಿ ಕುಟುಂಬಗಳು ಮಾಡುವ ಗಿಡಮೂಲಿಕೆ ಎಣ್ಣೆ ಈಗ ದೇಶವಿಡೀ ಹೆಸರಾಗಿದೆ. ಆ ಎಣ್ಣೆಯಾಗಲಿ, ಮನೆಯ ಕೊಬ್ಬರಿ ಎಣ್ಣೆಯಾಗಲಿ, ಹಚ್ಚಿದ ದಿನ ನೆತ್ತಿ ಹೆಚ್ಚು ಕಾಣುವುದು ಇದರಿಂದಲೇ. ಕಣ್ಣಿಗೆ ಹೊಡೆಯುವುದು ಕೂದಲಿನ ಎಣಿಕೆಗಿಂತ ಕಪ್ಪಿಗೂ ಚರ್ಮದ ಬಣ್ಣಕ್ಕೂ ಇರುವ ಅಂತರ. ಕಿವಿಯ ಮೇಲೆ, ಹಿಂದಲೆಯಲ್ಲಿ ಕೂದಲು ದಟ್ಟವಾಗಿ ಬೆಳೆದಷ್ಟೂ ನೆತ್ತಿ ಬರಿದಾಗಿ ಕಾಣುತ್ತದೆ. ಸೈಡಿಗೆ ಮಷಿನ್‌ನಲ್ಲಿ ಒಂದನೇ ನಂಬರೋ ಎರಡನೇ ನಂಬರೋ, ಅಂದರೆ ಸುಮಾರು 3 ಅಥವಾ 6 ಮಿಲಿಮೀಟರ್ ಹಾಕಿಸಿ, ಮೇಲೆ ಕತ್ತರಿಯಲ್ಲಿ ಗಿಡ್ಡ ಮಾಡಿಸಿ, ಬೈತಲೆ ತೆಗೆಯದೆ ಬಿಟ್ಟರೆ ಆ ಅಂತರ ಇಳಿದುಹೋಗುತ್ತದೆ. ಒಂದು ಕಿವಿಯ ಮೇಲಿಂದ ಇನ್ನೊಂದು ಕಿವಿಯವರೆಗೆ ಎಳೆದು ಬಾಚಿದ ಕೂದಲು ಗಾಳಿ ಬೀಸುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಬೈಕಿನಲ್ಲಿ ಬಿಡದಿಗೆ ಕೆಲಸಕ್ಕೆ ಹೋಗಿಬರುವವನಿಗೆ ಅಷ್ಟೂ ಇಲ್ಲ.

ಹಾಗಾದರೆ ಕತ್ತರಿಸಿದಷ್ಟೂ ದಟ್ಟವಾಗಿ ಬರುತ್ತದೆಯೇ? ಇಲ್ಲ. ಮಕ್ಕಳಿಗೆ ಮತ್ತೆ ಮತ್ತೆ ಮುಡಿ ತೆಗೆಸಿದರೆ ಕೂದಲು ಚೆನ್ನಾಗಿ ಹುಟ್ಟುತ್ತದೆ ಎನ್ನುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ಗಡ್ಡ ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲವೆಂದು ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ತೋರಿಸಿದರು. ಬೇರು ಇರುವುದು ಚರ್ಮದೊಳಗೆ. ಕತ್ತರಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಬೇರಿಗೆ ಮುಟ್ಟದ ಕತ್ತರಿ ಕೂದಲನ್ನು ಬೆಳೆಸಲಾರದು, ಉದುರಿಸಲೂ ಆರದು. ಅಂಗಡಿಯಲ್ಲಿ ಮೈಗೆ ಹೊದಿಸಿದ ಬಟ್ಟೆಯ ಮೇಲೆ ಬೀಳುವ ಕೂದಲನ್ನು ನೋಡಿ ಎದೆ ಧಸಕ್ಕೆನ್ನುವವರು ಇದನ್ನು ನೆನಪಿಡಬೇಕು. ಬೋರ್‌ವೆಲ್ ನೀರಿನ ಮೇಲೆ, ಹೆಲ್ಮೆಟ್ಟಿನ ಮೇಲೆ ಹೊರಿಸುವ ತಪ್ಪೂ ಇದೇ ಬಗೆಯದು. ಗಡಸು ನೀರು ಕೂದಲನ್ನು ಒರಟಾಗಿಸುತ್ತದೆ, ನಿಜ. ಆದರೆ ಉದುರಿಸುವುದು ನೀರೇ ಆಗಿದ್ದರೆ ಹಣೆ, ನೆತ್ತಿಗಳನ್ನಷ್ಟೇ ಆರಿಸಿಕೊಂಡು ಹಿಂದಲೆಯನ್ನು ಯಾಕೆ ಬಿಡಬೇಕು? ಅದೇ ನೀರಿನಲ್ಲಿ ಮೀಯುವ ಅಕ್ಕನ ಹಣೆ ಯಾಕೆ ಹಿಂದೆ ಸರಿಯಲಿಲ್ಲ? ಹಣೆ ಮತ್ತು ನೆತ್ತಿಯ ಬೇರುಗಳು ಗಂಡು ಹಾರ್ಮೋನಿಗೆ ಸೋಲುತ್ತವೆ, ಹಿಂದಲೆಯವು ಸೋಲುವುದಿಲ್ಲ. ಕೂದಲು ಕಸಿ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಹೆಲ್ಮೆಟ್ಟನ್ನು ಇದಕ್ಕಾಗಿ ಮನೆಯಲ್ಲಿ ಬಿಟ್ಟು ಹೋಗುವವರಂತೂ ಕೂದಲಿನ ಹೆಸರಿನಲ್ಲಿ ತಲೆಯನ್ನೇ ಪಣಕ್ಕಿಡುತ್ತಿದ್ದಾರೆ.

ನನ್ನ ವಾದಕ್ಕೆ ಈ ಸೀಮೆಯಲ್ಲಿ ಬಲವಾದ ಸಾಕ್ಷಿಯೊಂದಿದೆ. ಶಿವರಾತ್ರಿ ಹತ್ತಿರ ಬಂದರೆ ಕನಕಪುರದ ದಾರಿಯಲ್ಲಿ ಸಾವಿರಾರು ಜನ ಸಂಗಮದವರೆಗೆ ನಡೆದು, ಕಾವೇರಿ ದಾಟಿ, ಕಾಡಿನ ಹಾದಿ ಹಿಡಿದು ಮಾದಪ್ಪನ ಬೆಟ್ಟಕ್ಕೆ ಹೋಗುತ್ತಾರೆ. ಬೆಟ್ಟದಲ್ಲಿ ಮುಡಿ ಕೊಟ್ಟು ನುಣ್ಣನೆಯ ತಲೆಯಲ್ಲಿ ಊರಿಗೆ ಬಂದವನನ್ನು ಯಾರೂ ಮರುಕದಿಂದ ನೋಡುವುದಿಲ್ಲ. ಪ್ರಸಾದ ಕೇಳಿ ಈಸಿಕೊಳ್ಳುತ್ತಾರೆ. ಅದೇ ತಲೆ, ಅದೇ ಚರ್ಮ. ಒಂದು ತಾನಾಗಿ ಕೊಟ್ಟದ್ದು, ಇನ್ನೊಂದು ಕೈಮೀರಿ ಹೋದದ್ದು. ನೋಡುವವರ ಕಣ್ಣನ್ನೂ ಹೊತ್ತವನ ಮನಸ್ಸನ್ನೂ ಬದಲಿಸುವುದು ಇಷ್ಟೇ. ಗಿಡ್ಡ ಕಟಿಂಗ್ ಮಾಡಿಸಿಕೊಳ್ಳುವವನು ಕೈಮೀರಿದ್ದರಲ್ಲಿ ಒಂದು ಪಾಲನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಇದಕ್ಕೆ ಮನೆಯಿಂದ ಬರುವ ಆಕ್ಷೇಪ ನನಗೆ ಗೊತ್ತು: ಹೆತ್ತವರು ಇರುವಾಗ, ದೇವರ ಹರಕೆಯೂ ಇಲ್ಲದಾಗ ತಲೆ ಬೋಳಿಸುವುದು ಅಶುಭ. ಸಾವಿನ ಮನೆಯ ನೆನಪನ್ನು ಹೊತ್ತ ಈ ಅಳುಕನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವ್ವನ ಕಣ್ಣಿಗೆ ಅದು ಏನನ್ನು ಕಾಣಿಸುತ್ತದೆ ಎಂಬುದು ಮಗನಿಗೆ ತಿಳಿದಿರಬೇಕು. ಆದರೆ ನಾನು ಹೇಳುತ್ತಿರುವುದು ಕತ್ತಿಯ ಮಾತಲ್ಲ. ಮಷಿನ್ ಆಡಿಸಿದ ತಲೆಯಲ್ಲಿ ಕಪ್ಪು ಉಳಿದಿರುತ್ತದೆ, ಮೀಸೆ ಇರುತ್ತದೆ. ಮಿಲಿಟರಿ ಕಟಿಂಗಿಗೂ ಕರ್ಮದ ಕ್ಷೌರಕ್ಕೂ ಇರುವ ವ್ಯತ್ಯಾಸವನ್ನು ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಮದುವೆಯ ಆಕ್ಷೇಪ ಇದಕ್ಕಿಂತ ಗಟ್ಟಿ. 1994ರಲ್ಲಿ ರಾಮನಗರ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿ, ಒಂದೂವರೆ ವರ್ಷದಲ್ಲಿ ಪ್ರಧಾನಿಯಾದ ದೇವೇಗೌಡರ ಬರಿನೆತ್ತಿ ಈ ಸೀಮೆಯ ಯಾರಿಗೂ ಕೊರತೆಯಾಗಿ ಕಾಣಲಿಲ್ಲ. ಅರವತ್ತರಲ್ಲಿ ಗೌರವ ತರುವುದೇ ಇಪ್ಪತ್ತೇಳರಲ್ಲಿ ಹೆಣ್ಣು ನೋಡಲು ಹೋದಾಗ ಅಡ್ಡ ಬರುತ್ತದೆ. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಮಂಗಳೂರಿನ ಕನ್ನಡ ಅಧ್ಯಾಪಕನೊಬ್ಬನ ಮೂಲಕ ಈ ನೋವನ್ನೇ ತೆರೆಗೆ ತಂದದ್ದು, ಅಷ್ಟು ಜನರಿಗೆ ತಟ್ಟಿದ್ದು. ಹಾಗೆಂದು ಎಲ್ಲವನ್ನೂ ನೆತ್ತಿಯ ತಲೆಗೆ ಕಟ್ಟಬಾರದು. 2023ರ ಫೆಬ್ರವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಇದೇ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ರೈತನಿಗೆ ಹೆಣ್ಣು ಕೊಡುವವರಿಲ್ಲ ಎಂಬುದು ಅವರ ಅಳಲು. ತಲೆಗೂದಲಿನ ಮಾತು ಅಲ್ಲಿರಲಿಲ್ಲ. ಬಾಚಿ ಮುಚ್ಚಿದ ತಲೆಯ ಫೋಟೊ ಕಳಿಸಿದರೆ ನಡುಮನೆಯಲ್ಲಿ ಕಾಫಿ ಕುಡಿಯುವ ಹೊತ್ತಿಗೆ ನಿಜ ಬಯಲಾಗುತ್ತದೆ, ಆಗ ಹುಡುಗಿಯ ಮನೆಯವರಿಗೆ ನೆತ್ತಿಗಿಂತ ಮುಚ್ಚುಮರೆಯೇ ದೊಡ್ಡದಾಗಿ ಕಾಣುತ್ತದೆ. ಗಿಡ್ಡ ಕೂದಲಿನ ನೇರ ಫೋಟೊ ನೋಡಿ ಒಪ್ಪಿ ಬಂದವರು ಕೂದಲನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ.

ಚಿಕಿತ್ಸೆ ಇರುವಾಗ ಸೋಲೊಪ್ಪಿ ಕತ್ತರಿಸುವುದೇಕೆ ಎಂದೂ ಕೇಳಬಹುದು. ಚಿಕಿತ್ಸೆ ಇದೆ. ಹಚ್ಚುವ ಮಿನಾಕ್ಸಿಡಿಲ್‌ಗೆ ಅಮೆರಿಕದಲ್ಲಿ 1988ರಲ್ಲಿ, ಗಂಡಸರು ನುಂಗುವ ಫಿನಾಸ್ಟರೈಡ್‌ಗೆ 1997ರಲ್ಲಿ ಒಪ್ಪಿಗೆ ಸಿಕ್ಕಿತು. ವೈದ್ಯರನ್ನು ಕೇಳಿ ಶುರುಮಾಡಬೇಕಾದ ಔಷಧಗಳವು. ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ನಿಲ್ಲಿಸಿದರೆ ಗಳಿಸಿದ್ದು ಹೋಗುತ್ತದೆ. ಆ ತಿಂಗಳುಗಳಲ್ಲೂ ತಲೆ ಹೊತ್ತು ಓಡಾಡಲೇಬೇಕಲ್ಲ! ಅಲ್ಲದೆ ಎಲ್ಲ ಉದುರುವಿಕೆಯೂ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸುವವರು ಬಹಳ ಸಲ ಕಟಿಂಗ್ ಮಾಡುವವರೇ. ನಾಣ್ಯದಗಲ ನುಣ್ಣಗಾದ ಜಾಗ, ‘ಹುಳ ತಿಂದಿದೆ’ ಎಂದು ಜನ ಅನ್ನುವುದು, ಬೇರೆ ಕಾಯಿಲೆ. ಡೆಂಗಿಯಂಥ ಜ್ವರದ ಎರಡು ಮೂರು ತಿಂಗಳ ಮೇಲೆ ತಲೆಯೆಲ್ಲ ಉದುರುವುದು ಬೇರೆ, ಅದು ಸಾಮಾನ್ಯವಾಗಿ ತಾನೇ ಮರಳುತ್ತದೆ. ನಮ್ಮ ನೆತ್ತಿಯನ್ನು ನಾವು ಕಾಣುವುದಕ್ಕಿಂತ ಹೆಚ್ಚು ವರ್ಷ ಕಂಡವರು ಸವಿತಾ ಸಮಾಜದ ಈ ಕಸುಬುದಾರರು. ಹಿಂದೆ ಸುಗ್ಗಿಯಲ್ಲಿ ಆಯದ ಧಾನ್ಯ ಕೊಟ್ಟು ಜಗಲಿಯ ಮೇಲೆ ಕೆಲಸ ಮಾಡಿಸಿಕೊಂಡ ಊರು ಅವರ ಜಾತಿಯನ್ನು ಬೈಗುಳ ಮಾಡಿತು, ಅವರ ತಿಳಿವಳಿಕೆಗೆ ಬೆಲೆ ಕೊಡಲಿಲ್ಲ. ‘ಅಣ್ಣಾ, ನೆತ್ತಿ ತೆಳ್ಳಗಾಗ್ತಿದೆ, ಏನು ಮಾಡೋಣ?’ ಎಂದು ಕೇಳಿದರೆ ಆ ತಿಳಿವಳಿಕೆಗೆ ಮರ್ಯಾದೆ ಕೊಟ್ಟಂತೆ. ಬೆಂಚಿನ ಕೊಂಕುಮಾತನ್ನು ತಡೆಯುವವರೂ ಆಮೇಲೆ ಅವರೇ ಆಗುತ್ತಾರೆ.

ಹೆಂಗಸರ ಕಷ್ಟ ಇದಕ್ಕಿಂತ ಒಂಟಿ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ಮುಷ್ಟಿ ಮುಷ್ಟಿ ಉದುರುವಾಗ ಬಿಗಿ ಜಡೆ ಹೆಣೆದು ಚೌರಿ ಸೇರಿಸುವುದರಿಂದ ಬೇರಿನ ಮೇಲೆ ಎಳೆತ ಹೆಚ್ಚುತ್ತದೆ. ಭುಜದವರೆಗೆ ಕತ್ತರಿಸಿದರೆ ಇರುವುದೇ ತುಂಬಿ ಕಾಣುತ್ತದೆ. ಕ್ಯಾನ್ಸರಿನ ಕೀಮೊಥೆರಪಿಯಲ್ಲಂತೂ ಹಲವು ಔಷಧಗಳಿಂದ ಎರಡು ಮೂರು ವಾರದಲ್ಲಿ ಕೂದಲು ಉದುರತೊಡಗುತ್ತದೆ. ಅದಕ್ಕೂ ಮೊದಲೇ ಗಿಡ್ಡ ಮಾಡಿಸಿಕೊಳ್ಳಿ ಎಂಬುದು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ. ಈ ಸೀಮೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವ ಮನೆಗಳಲ್ಲಿ ಯಾರಾದರೂ ಒಬ್ಬರು, ಹೊರಡುವ ಮೊದಲೇ, ಈ ಮಾತನ್ನು ಮೆಲ್ಲಗೆ ಎತ್ತಬೇಕು. ಉಳಿದವರಿಗೆ ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಸೈಡು ಮತ್ತೆ ದಟ್ಟವಾಗಲು ಮೂರು ವಾರ ಸಾಕು. ಮಂಗಳವಾರ ಅಂಗಡಿ ರಜೆ, ಭಾನುವಾರ ಬೆಂಚು ತುಂಬಿರುತ್ತದೆ. ಮಾತಾಡಿಕೊಂಡು ಮಾಡಿಸಲು ಬುಧವಾರ, ಗುರುವಾರದ ಬೆಳಗಿನ ಹೊತ್ತೇ ಅನುಕೂಲ.