ಅಟ್ಟದ ಮೇಲಿನ ನಾಲ್ಕು ಶೀಸೆ

ಕಳೆದ ಯುಗಾದಿಗೆ ಭಾವನವರು ಬೆಂಗಳೂರಿನಿಂದ ತಿಗನಾರೆಗೆ ಬಂದಾಗ ಅವರ ಕೈಚೀಲದಲ್ಲಿ ನಂದಿಬೆಟ್ಟದ ತಪ್ಪಲಿನ ಕೆಂಪು ವೈನಿನ ಒಂದು ಬಾಟಲಿಯಿತ್ತು. ದೇವರ ಮನೆಯಿರುವ ಸೂರಿನಡಿ ಅಂಥದನ್ನು ತೆರೆಯಲು ನಮ್ಮ ತಾಯಿಯವರು ಬಿಡುವವರಲ್ಲ. ಸಂಜೆ ನಾವು ದಂಪತಿಗಳು ಭಾವನವರೊಡನೆ ಕಣದಂಚಿನ ಹುಣಸೆಯ ಕೆಳಗೆ ಚಾಪೆ ಹಾಸಿ ಕುಳಿತೆವು.

ಭಾವನವರು ಕುಡಿಸುವುದಕ್ಕಿಂತ ಹೆಚ್ಚಾಗಿ ಪಾಠ ಹೇಳಿದರು. ಮೊದಲು ಬಿಳಿಯ ಹಾಳೆಯೆದುರು ಹಿಡಿದು ಬಣ್ಣ ನೋಡಬೇಕು, ಬಳಿಕ ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸಬೇಕು, ಒಂದು ಗುಟುಕನ್ನು ನುಂಗದೆ ನಾಲಗೆಯ ಮೇಲೆ ತುಸು ಹೊತ್ತು ನಿಲ್ಲಿಸಬೇಕು. ಯುರೋಪಿನಲ್ಲಿ ದ್ರಾಕ್ಷಿಯ ಬಳ್ಳಿ ಚಳಿಗಾಲವಿಡೀ ನಿದ್ರಿಸುತ್ತದೆ, ಸೆಪ್ಟೆಂಬರ್–ಅಕ್ಟೋಬರ್ ವೇಳೆಗೆ ಹಣ್ಣು ಕೊಡುತ್ತದೆ. ನಮ್ಮ ಸೀಮೆಯಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ಬೇಸಗೆಯಲ್ಲೊಮ್ಮೆ, ಮಳೆ ಹಿಂದೆ ಸರಿಯುವಾಗ ಮತ್ತೊಮ್ಮೆ ಬಳ್ಳಿಯನ್ನು ಸವರಿ, ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಕೊಯ್ಲು ಮಾಡುತ್ತಾರೆ. ಒಂದೇ ತೋಟದ ರಸವಾದರೂ ಆ ವರ್ಷದ ಬಿಸಿಲು, ಮಳೆಗೆ ತಕ್ಕಂತೆ ರುಚಿ ಬೇರೆಯಾಗುತ್ತದೆಂದು ಅವರು ವಿವರಿಸುತ್ತಿರುವಾಗ, ಹಿತ್ತಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಾಯಿಯವರು, "ಇಷ್ಟೇನಾ ಅಳಿಯಂದ್ರೆ?" ಎಂದು ಒಳಗೆ ಹೋಗಿ, ಅಟ್ಟದಿಂದ ಜೇನಿನ ನಾಲ್ಕು ಶೀಸೆಗಳನ್ನು ಇಳಿಸಿ ತಂದಿಟ್ಟರು.

ಸಂಸ್ಕೃತದಲ್ಲಿ 'ಮಧು' ಎಂದರೆ ಜೇನೂ ಹೌದು, ಮದಿರೆಯೂ ಹೌದು. ಆಂಗ್ಲರು ಜೇನಿನ ಮದ್ಯವನ್ನು 'ಮೀಡ್' ಎನ್ನುವುದೂ ಅದೇ ಧಾತುವಿನ ಬಂಧು. ನಮ್ಮ ಹುಡುಗ ಶಾಲೆಯಲ್ಲಿ ತಮಿಳು ಕಲಿಯುವವನು. ಜೇನು ಅವನಿಗೆ ಅಲ್ಲಿ 'ತೇನ್'. ಮಲೈತ್ತೇನ್, ಕೊಂಬುತ್ತೇನ್ ಎಂದು ಅವನು ಒಪ್ಪಿಸುವಾಗ ತಾಯಿಯವರು ಕೊಂಬುತ್ತೇನನ್ನು ತಮ್ಮ ಕಡ್ಡಿಜೇನಿಗೆ ಹೊಂದಿಸಿಕೊಳ್ಳುತ್ತಾರೆ. ಚಾಮರಾಜನಗರ ಪಕ್ಕದಲ್ಲಿದ್ದರೂ ಜಿಲ್ಲಾ ಕೇಂದ್ರದ ಕೆಲಸಕ್ಕೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಈರೋಡಿಗೆ ಹೋಗುವ ನಮ್ಮಂಥವರಿಗೆ ಇಂಥ ಹೊಂದಾಣಿಕೆ 1956ರಿಂದಲೂ ಅಭ್ಯಾಸವಾಗಿದೆ.

ಆ ನಾಲ್ಕೂ ಶೀಸೆಗಳನ್ನು ತಂದುಕೊಟ್ಟವರು ಒಬ್ಬ ಸೋಲಿಗ ಅಜ್ಜ. ಹೆಸರು ಬರೆಯುವುದು ಅವರಿಗೆ ಒಪ್ಪಿಗೆಯಾಗದು. ಹೆಜ್ಜೇನು, ತುಡುವೆ, ಕಡ್ಡಿ, ನೆಸರಿ ಎಂದು ಅವರು ಹುಳುಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ಹೆಜ್ಜೇನು ಬಂಡೆಯ ಚಾಚಿಗೆ, ಎತ್ತರದ ತಾರೆ ಮರದ ಕೊಂಬೆಗೆ ತೂಗುತ್ತದೆ. ತುಡುವೆ ಪೊಟರೆಯಲ್ಲಿ, ಹುತ್ತದಲ್ಲಿ ಕತ್ತಲನ್ನು ಹುಡುಕುತ್ತದೆ. ಹೆಜ್ಜೇನನ್ನು ಅವರು ಇರುಳಿನಲ್ಲಿ ಹೊಗೆ ಹಿಡಿದು ಇಳಿಸುತ್ತಾರೆ. ರೊಟ್ಟಿನಲ್ಲಿ ಹುಳುವಿನ ಪಾಲನ್ನು ಬಿಟ್ಟೇ ಬರುತ್ತಾರೆ. ನಮ್ಮ ಸತ್ಯಮಂಗಲದ ಕಾಡು 2008ರಲ್ಲಿ ಅಭಯಾರಣ್ಯವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2006ರ ಅರಣ್ಯ ಹಕ್ಕು ಕಾಯಿದೆ ಜೇನನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿ ಕಾಡಿನವರ ಹಕ್ಕಿಗೆ ಸೇರಿಸಿದೆ. ಕಾಗದದ ಮೇಲಿನ ಹಕ್ಕಿಗೂ ಮರದ ಮೇಲಿನ ಜೇನಿಗೂ ನಡುವೆ ಎಷ್ಟು ದಾರಿಯಿದೆಯೆಂಬುದನ್ನು ಆ ಅಜ್ಜನೇ ಹೇಳಬೇಕು, ನಾವಲ್ಲ.

ಭಾವನವರ ಕ್ರಮದಲ್ಲೇ ಬಿಳಿಯ ಹಾಳೆಯಿಟ್ಟು ನೋಡಿದೆವು. ಮೊದಲನೆಯದು ಹಿಂದಿನ ಚೈತ್ರ–ವೈಶಾಖದ್ದು, ಹೊಂಗೆ ಮೈತುಂಬ ಅರಳಿದಾಗಿನದು. ತಿಳಿಯಾದ ಹೊಂಬಣ್ಣ, ನೇರ ಸಿಹಿ. ಎರಡನೆಯದು ರೋಹಿಣಿ ಮಳೆಗೆ ಮುಂಚಿನ ನೇರಳೆ ಹೂವಿನದು. ಬಣ್ಣ ಕಾಕಂಬಿಯಂತೆ ಕಪ್ಪು. ನಾಲಗೆಗೆ ಮೊದಲು ಸಿಹಿ, ಬಳಿಕ ಒಗರು, ಗಂಟಲಿಗಿಳಿದ ಮೇಲೆ ಕಹಿ. ಭಾವನವರು ಕಣ್ಣು ಮುಚ್ಚಿ ಬಹಳ ಹೊತ್ತು ಮಾತಾಡಲಿಲ್ಲ. ತಮ್ಮ ಬಾಟಲಿಯನ್ನು ಮೆಲ್ಲನೆ ಬದಿಗೆ ಸರಿಸಿದ್ದನ್ನು ತಾಯಿಯವರು ನೋಡಿದರು, ಏನೂ ಹೇಳಲಿಲ್ಲ.

ಮೂರನೆಯದು ಮಳೆ ಹಿಡಿದ ಮೇಲೆ ಇಳಿಸಿದ್ದು, ನೀರಿನಂತೆ ತೆಳು. ಜೇನ್ನೊಣಗಳು ರೆಕ್ಕೆ ಬೀಸಿ ಮಕರಂದದ ನೀರನ್ನು ಆರಿಸಿ, ಹದವಾದ ಮೇಲೆ ಕಣ್ಣುಗಳಿಗೆ ಮೇಣದ ಮುಚ್ಚಳ ಹಾಕುತ್ತವೆ. ತೇವದ ದಿನಗಳಲ್ಲಿ ಆರುವ ಮೊದಲೇ ಇಳಿಸಿದರೆ, ತೇವಾಂಶ ನೂರಕ್ಕೆ 20 ಮೀರಿದರೆ, ಜೇನಿನೊಳಗಿನ ಹುದುಗು ಎಚ್ಚರಗೊಳ್ಳುತ್ತದೆ. ಈ ಶೀಸೆಯ ಮುಚ್ಚಳ ಒಂದು ರಾತ್ರಿ ಫಟ್ಟೆಂದು ಹಾರಿ ಮನೆಯವರೆಲ್ಲ ಎದ್ದು ಕುಳಿತಿದ್ದೆವು. ಮೂಸಿದರೆ ಹೆಂಡದ ವಾಸನೆ. ಭಾವನವರು ನಕ್ಕು, "ಅತ್ತೆಯವರೇ, ನಿಮ್ಮ ಅಟ್ಟದಲ್ಲೇ ಮೀಡ್ ತಯಾರಾಗಿದೆ" ಎಂದಾಗ, ದೇವರ ಮನೆಯ ಶೆಲ್ಫಿನಿಂದ ಅದನ್ನು ಅಟ್ಟಕ್ಕೆ ಸಾಗಿಸಿದ್ದೇಕೆಂದು ತಾಯಿಯವರು ಒಪ್ಪಿಕೊಳ್ಳಬೇಕಾಯಿತು.

ನಾಲ್ಕನೆಯದರ ಮುಂದೆ ನಾವಿಬ್ಬರೂ ಮೌನವಾದೆವು. ಅದು ಹುಚ್ಚೆಳ್ಳಿನ ಜೇನು. ದೀಪಾವಳಿಯ ಆಸುಪಾಸಿನಲ್ಲಿ ಹೊಲದ ಅಂಚುಗಳು ಹಳದಿಯಾಗುವಾಗ ತುಡುವೆ ಕೂಡಿಡುವಂಥದು. ಚಳಿ ಬಿದ್ದೊಡನೆ ಮರಳುಮರಳಾಗಿ ತುಪ್ಪದಂತೆ ಹೆಪ್ಪುಗಟ್ಟುತ್ತದೆ.

2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ವರದಿಯೊಂದು ಪತ್ರಿಕೆಗಳಲ್ಲಿ ಬಂದಿತ್ತು. ಪರೀಕ್ಷಿಸಿದ 13 ಬ್ರಾಂಡುಗಳ ಜೇನಿನಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿದವು 3 ಮಾತ್ರ. ಉಳಿದವುಗಳಲ್ಲಿ ಸಕ್ಕರೆ ಪಾಕದ ಬೆರಕೆಯ ಮಾತು. ಅದನ್ನು ಓದಿ ದಿಗಿಲುಗೊಂಡಿದ್ದ ದಿನಗಳಲ್ಲೇ ಅಜ್ಜ ಕೊಟ್ಟಿದ್ದ ಶೀಸೆಯ ತಳದಲ್ಲಿ ಬಿಳಿಯ ಹರಳುಗಳು ಕಂಡವು. ಮುಂದಿನ ವಾರ ಅವರು ಬಂದಾಗ ಜಗಲಿಯ ಮೇಲೆ, ನೆರೆಯವರು ಕೇಳುವಂತೆ, "ನೀವೂ ಸಕ್ಕರೆ ಬೆರೆಸುವುದಕ್ಕೆ ಕಲಿತಿರಾ?" ಎಂದು ಕೇಳಿಬಿಟ್ಟೆವು. ಅವರು ವಾದಿಸಲಿಲ್ಲ. ಸೊಂಟದ ಚೀಲದಿಂದ ಹಣ ತೆಗೆದು ಎಣಿಸಿ ಜಗಲಿಯ ಮೇಲಿಟ್ಟು, ಶೀಸೆಯನ್ನು ಹೆಗಲಿನ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದರು. ತಾಯಿಯವರು ಅಂದು ನಮ್ಮೊಡನೆ ಊಟಕ್ಕೆ ಕೂರಲಿಲ್ಲ.

ಸಂಕ್ರಾಂತಿಗೆ ಬಂದ, ಕೃಷಿ ಓದುತ್ತಿದ್ದ ನಮ್ಮ ಸಂಬಂಧಿಕ ಹುಡುಗಿಯಿಂದ ಸಂಗತಿ ತಿಳಿಯಿತು. ಜೇನಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳಿವೆ. ಯಾವ ಹೂವಿನ ಜೇನಿನಲ್ಲಿ ಗ್ಲೂಕೋಸ್ ಹೆಚ್ಚೋ ಅದು ಚಳಿಗೆ ಬೇಗ ಹರಳಾಗುತ್ತದೆ. ಅದು ಕಲಬೆರಕೆಯ ಗುರುತಲ್ಲ. ಬಿಸಿನೀರಿನಲ್ಲಿ ಶೀಸೆಯನ್ನಿಟ್ಟರೆ ಮತ್ತೆ ಕರಗುತ್ತದೆ. ಪಾಕ ಬೆರೆತದ್ದು ವರ್ಷವಿಡೀ ತಿಳಿಯಾಗಿ ನಿಂತು ಕಣ್ಣಿಗೆ ಮೋಸ ಮಾಡುವುದೂ ಉಂಟು. ನೀರಿಗೆ ಹನಿಸಿ ನೋಡುವ, ಬತ್ತಿಗೆ ಅದ್ದಿ ಉರಿಸಿ ನೋಡುವ ನಮ್ಮ ಮನೆಯ ಪರೀಕ್ಷೆಗಳನ್ನೂ ನೆಚ್ಚುವಂತಿಲ್ಲವಂತೆ.

ಮರುದಿನವೇ ನಾವು ಹಾಡಿಗೆ ಹೋದೆವು. ಅಜ್ಜ ಇರಲಿಲ್ಲ. ಅವರ ಸೊಸೆ ನಮ್ಮನ್ನು ಗುರುತಿಸಿ ನೀರು ಕೊಟ್ಟಳು. ನಾವು ತಪ್ಪಾಯಿತೆಂದು ಹೇಳಿದ್ದನ್ನು ಕೇಳಿಸಿಕೊಂಡು, "ಹೇಳ್ತೀನಿ" ಎಂದಷ್ಟೇ ಅಂದಳು. ಆ ಬೇಸಗೆ ನಮ್ಮ ಬೀದಿಯಲ್ಲಿ ಅವರ ದನಿ ಕೇಳಲಿಲ್ಲ. ಹೊಂಗೆ ಅರಳಿತು, ನೇರಳೆ ಅರಳಿತು. ಪೇಟೆಯ ಶೀಸೆಯೊಂದನ್ನು ತಂದೆವು. ಚೈತ್ರಕ್ಕೂ ಮಾರ್ಗಶಿರಕ್ಕೂ ಅದರದು ಒಂದೇ ರುಚಿ.

ಅವರು ಬಂದದ್ದು ಮರುವರ್ಷ, ರೋಹಿಣಿ ಮಳೆ ಒಂದು ಹದ ಬಿದ್ದ ಮೇಲೆ. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ಕುಕ್ಕರಗಾಲಲ್ಲಿ ಕುಳಿತು, ತಾಯಿಯವರನ್ನು ಮಾತ್ರ ನೋಡಿ, "ಇದು ನ್ಯಾರಳೆದು ಕನವ್ವ, ಒಸಿ ಒಗರು ಇರ್ತದ. ಮೊದ್ಲು ನೆಕ್ಕ್ ನೋಡ್ಲಿ ಇವ್ರು, ಆಮ್ಯಾಲೆ ದುಡ್ಡು" ಎಂದರು. ಎಲೆಯ ತುದಿಯಲ್ಲಿ ಕೊಟ್ಟದ್ದನ್ನು ನಾವಿಬ್ಬರೂ ನಿಂತಲ್ಲೇ ನೆಕ್ಕಿದೆವು. ಯಾವ ಹೂವು, ಯಾವ ಹುಳು, ಯಾವ ಮಳೆ ಎಂದು ಅವರು ಕೇಳಿದರು. ಹೂವೊಂದನ್ನು ಅವರೇ ಹೇಳಿದ್ದರು. ಉಳಿದೆರಡಕ್ಕೆ ನಾವು ತಪ್ಪು ಉತ್ತರ ಕೊಟ್ಟೆವು.

ಈಗಲೂ ಪ್ರತಿ ಶೀಸೆಗೂ ಅದೇ ಕ್ರಮ. ನಮ್ಮ ಹುಡುಗ ಮಾತ್ರ ಹೆಚ್ಚಾಗಿ ಸರಿಯಾಗಿ ಹೇಳುತ್ತಾನೆ. ಅವನಿಗೆ ಅಜ್ಜ ರೊಟ್ಟಿನ ತುಂಡೊಂದನ್ನು ಮುತ್ತುಗದೆಲೆಯಲ್ಲಿ ಬೇರೆಯಾಗಿ ಕಟ್ಟಿ ತರುತ್ತಾರೆ. ನಮಗೆ ಇನ್ನೂ ತಂದಿಲ್ಲ.